ಟೆಕ್ಸಾಸ್‌ನಲ್ಲಿ ನಿವೃತ್ತ ಜೀವನ: ಮನೆ ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ ಕೆಲಸಕ್ಕೆಂದು ಅಮೆರಿಕಕ್ಕೆ ಹೋದ ಜೈನ ಸಮಾಜದ ಮಕ್ಕಳು ಈಗ ತಾವೇ ನಿವೃತ್ತಿಯ ಹತ್ತಿರ ಬಂದಿದ್ದಾರೆ. ಊರಿನಲ್ಲಿರುವ ತಂದೆ ತಾಯಿಯನ್ನೂ ಅಲ್ಲಿಗೇ ಕರೆಸಿಕೊಳ್ಳುವ ಮಾತು ಹಲವು ಮನೆಗಳಲ್ಲಿ ನಡೆಯುತ್ತಿದೆ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಗಳಲ್ಲಿ ಮನೆಯ ಬೆಲೆ ವಿಪರೀತ. ಹೀಗಾಗಿ ದಕ್ಷಿಣದ ಟೆಕ್ಸಾಸ್ ರಾಜ್ಯದತ್ತ ಕಣ್ಣು ಹೋಗುವುದು ಸಹಜ. ಆದರೆ ಮನೆಯ ಬೆಲೆಯೊಂದನ್ನೇ ನೋಡಿ ತೀರ್ಮಾನಿಸಬಾರದು.

ತೆರಿಗೆಯ ಲೆಕ್ಕ

ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಪಿಂಚಣಿ, ಬಡ್ಡಿ ಯಾವುದಕ್ಕೂ ರಾಜ್ಯಕ್ಕೆ ಕೊಡಬೇಕಾಗಿಲ್ಲ. ಕೇಂದ್ರದ ತೆರಿಗೆ ಮಾತ್ರ ಇರುತ್ತದೆ. ಆದರೆ ಆಸ್ತಿ ತೆರಿಗೆ ಹೆಚ್ಚು. ಮನೆಯ ಸಾಲ ತೀರಿದರೂ ಈ ತೆರಿಗೆ ಪ್ರತಿ ವರ್ಷ ಬರುತ್ತದೆ. ಶೇ. 2ರ ದರ ಎಂದುಕೊಂಡರೆ 3 ಲಕ್ಷ ಡಾಲರ್ ಮನೆಗೆ ವರ್ಷಕ್ಕೆ 6,000 ಡಾಲರ್, ಅಂದರೆ ತಿಂಗಳಿಗೆ 500 ಡಾಲರ್. ದರ ಊರಿಂದ ಊರಿಗೆ ಬೇರೆ. ಹ್ಯೂಸ್ಟನ್ ಸುತ್ತಲಿನ ಹೊಸ ಬಡಾವಣೆಗಳಲ್ಲಿ ನೀರು, ಒಳಚರಂಡಿಗಾಗಿ 'ಮಡ್' ಎಂಬ ಇನ್ನೊಂದು ತೆರಿಗೆಯೂ ಸೇರುತ್ತದೆ.

ಹಿರಿಯರಿಗೆ ರಿಯಾಯಿತಿ ಇದೆ. ಮಾಲೀಕರೇ ವಾಸಿಸುವ ಮನೆಗೆ ಶಾಲಾ ತೆರಿಗೆಯಲ್ಲಿ 1,40,000 ಡಾಲರ್ ಮೌಲ್ಯದವರೆಗೆ ವಿನಾಯಿತಿ. ಮಾಲೀಕರಿಗೆ 65 ತುಂಬಿದ್ದರೆ ಇನ್ನೂ 60,000 ಡಾಲರ್. 2025ರ ನವೆಂಬರ್‌ನಲ್ಲಿ ಅಲ್ಲಿನ ಮತದಾರರು ಇದನ್ನು ಒಪ್ಪಿದ್ದಾರೆ. 65ರ ನಂತರ ಶಾಲಾ ತೆರಿಗೆಯ ಮೊತ್ತ ಸಾಮಾನ್ಯವಾಗಿ ಏರುವುದಿಲ್ಲ. ಆದರೆ ಇದಕ್ಕೆ ಅರ್ಜಿ ಹಾಕಬೇಕು. ಮನೆ ಮಗನ ಹೆಸರಿನಲ್ಲಿ ಮಾತ್ರ ಇದ್ದರೆ ತಂದೆಯ ವಯಸ್ಸಿನ ಆಧಾರದ ಮೇಲೆ ರಿಯಾಯಿತಿ ಸಿಗುವುದಿಲ್ಲ. ಖರೀದಿ ಪತ್ರ ಮಾಡಿಸುವಾಗಲೇ ಇದನ್ನು ಯೋಚಿಸಬೇಕು.

ಆಸ್ಪತ್ರೆಯ ಖರ್ಚು

ಅಮೆರಿಕದಲ್ಲಿ ಸುಮಾರು ಹತ್ತು ವರ್ಷ ದುಡಿದು ತೆರಿಗೆ ಕಟ್ಟಿದವರಿಗೆ 65ರಲ್ಲಿ ಮೆಡಿಕೇರ್‌ನ ಆಸ್ಪತ್ರೆ ವಿಮೆ ಕಂತಿಲ್ಲದೆ ಸಿಗುತ್ತದೆ. ಊರಿನಿಂದ ಹೋದ ತಂದೆ ತಾಯಿಯ ವಿಷಯ ಬೇರೆ. ಗ್ರೀನ್ ಕಾರ್ಡ್ ಪಡೆದು ಐದು ವರ್ಷ ಸತತವಾಗಿ ಅಲ್ಲಿ ವಾಸಿಸಿದ ಮೇಲೆ ಕಂತು ಕಟ್ಟಿ ಮೆಡಿಕೇರ್ ಸೇರಬಹುದು. ಅಲ್ಲಿಯವರೆಗೆ ಖಾಸಗಿ ವಿಮೆಯೇ ಗತಿ. ಮೆಡಿಕೇರ್ ಸಾಮಾನ್ಯವಾಗಿ ಭಾರತದಲ್ಲಿ ಪಡೆದ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಹಾಸಿಗೆ ಹಿಡಿದವರ ದೀರ್ಘಕಾಲದ ಆರೈಕೆಯ ಖರ್ಚನ್ನೂ ಭರಿಸುವುದಿಲ್ಲ.

ಗ್ರೀನ್ ಕಾರ್ಡ್ ಇದ್ದವರು ಮುಂಚಿತ ಅನುಮತಿ ಇಲ್ಲದೆ ಒಂದು ವರ್ಷಕ್ಕಿಂತ ಹೆಚ್ಚು ಊರಿನಲ್ಲಿ ಉಳಿದರೆ ಮರಳುವುದು ಕಷ್ಟವಾಗಬಹುದು. ಹೊಲ, ಅಂಗಡಿ, ಮನೆ ಇಲ್ಲಿ ಇಟ್ಟುಕೊಂಡವರು ಇದನ್ನು ಮರೆಯಬಾರದು.

ಯಾವ ಊರು?

ಡಲ್ಲಾಸ್ ಪಕ್ಕದ ರಿಚರ್ಡ್‌ಸನ್‌ನಲ್ಲಿ ಜೈನ್ ಸೊಸೈಟಿ ಆಫ್ ನಾರ್ತ್ ಟೆಕ್ಸಾಸ್‌ನ ಮಂದಿರವಿದೆ. ಈ ಊರಿಗೆ ಡಾರ್ಟ್ ರೈಲು ಬರುತ್ತದೆ. ಫ್ರಿಸ್ಕೋ, ಮೆಕಿನ್ನಿಗಳಿಗೆ ಆ ಸೌಲಭ್ಯವಿಲ್ಲ. ಕಾರು ಓಡಿಸದ ಹಿರಿಯರಿಗೆ ಇದು ದೊಡ್ಡ ವ್ಯತ್ಯಾಸ. ಡಲ್ಲಾಸ್‌ನ ಉತ್ತರಕ್ಕೆ ವಿಂಡಮ್ ಎಂಬ ಸಣ್ಣ ಊರಿನ ಬಳಿ ಸಿದ್ಧಾಯತನ ತೀರ್ಥವಿದೆ. ಹ್ಯೂಸ್ಟನ್‌ನಲ್ಲಿ ಜೈನ ಮಂದಿರವೂ, ತೇರಾಪಂಥದ ಸಮಣಿಯರು ನಡೆಸುವ ಜೈನ ವಿಶ್ವ ಭಾರತಿ ಕೇಂದ್ರವೂ ಇವೆ. ದೊಡ್ಡ ಆಸ್ಪತ್ರೆಗಳ ಸಮೂಹವಾದ ಟೆಕ್ಸಾಸ್ ಮೆಡಿಕಲ್ ಸೆಂಟರ್ ಕೂಡ ಅಲ್ಲಿಯೇ.

ಆದರೆ 2017ರ ಹಾರ್ವೆ ಚಂಡಮಾರುತದಲ್ಲಿ ಹ್ಯೂಸ್ಟನ್‌ನ ಎಷ್ಟೋ ಮನೆಗಳಿಗೆ ನೀರು ನುಗ್ಗಿತು. ಸಾಮಾನ್ಯ ಮನೆ ವಿಮೆಯಲ್ಲಿ ಪ್ರವಾಹ ಸೇರುವುದಿಲ್ಲ, ಪ್ರತ್ಯೇಕ ವಿಮೆ ಬೇಕು. 2021ರ ಫೆಬ್ರವರಿಯ ಹಿಮಗಾಳಿಗೆ ರಾಜ್ಯದ ಬಹುಭಾಗದಲ್ಲಿ ವಿದ್ಯುತ್ ಹೋಗಿ ಜನ ಚಳಿಯಲ್ಲಿ ನರಳಿದರು.

ಧರ್ಮಾಚರಣೆಯ ಮಾತು

ರಾತ್ರಿ ಭೋಜನ ತ್ಯಾಗ ಮಾಡಿದವರಿಗೆ ಡಲ್ಲಾಸ್‌ನಲ್ಲಿ ಜೂನ್ ತಿಂಗಳ ಸೂರ್ಯಾಸ್ತ ಎಂಟೂವರೆಯ ನಂತರ. ಡಿಸೆಂಬರ್‌ನಲ್ಲಿ ಐದೂವರೆಗೆ ಮೊದಲೇ. ಮಗ ಸೊಸೆ ಕೆಲಸದಿಂದ ಬರುವ ಹೊತ್ತಿಗೆ ಹಿರಿಯರ ಊಟ ಮುಗಿದಿರಬೇಕು. ಹಾಗಾಗಿ ಅಡುಗೆಯ ವ್ಯವಸ್ಥೆ ಮೊದಲೇ ಆಗಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ದಿಗಂಬರ ಮುನಿಗಳು ಕಾಲ್ನಡಿಗೆಯಲ್ಲೇ ವಿಹರಿಸುವವರು. ಊರಿನಲ್ಲಿ ಚಾತುರ್ಮಾಸದ ವೇಳೆ ಬಾಗಿಲಲ್ಲಿ ಕಲಶ ಹಿಡಿದು ನಿಂತು ಆಹಾರದಾನ ಮಾಡುತ್ತ ಬಂದ ಶ್ರಾವಕ ಶ್ರಾವಿಕೆಯರಿಗೆ ಆ ಭಾಗ್ಯ ಅಲ್ಲಿ ದೊರೆಯದು. ಈ ಕೊರತೆಯನ್ನು ಡಾಲರ್‌ನಲ್ಲಿ ಅಳೆಯಲಾಗದು. ತಂದೆ ತಾಯಿಯನ್ನು ಕರೆದೊಯ್ಯುವ ಮಕ್ಕಳು ಟಿಕೆಟ್ ಮಾಡುವ ಮುನ್ನ ಅವರ ಮನಸ್ಸನ್ನು ಕೇಳಬೇಕು.

ಸಾಧ್ಯವಾದರೆ ಮೊದಲು ಒಂದು ವರ್ಷ ಬಾಡಿಗೆ ಮನೆಯಲ್ಲಿದ್ದು, ಬೇಸಿಗೆ ಚಳಿಗಾಲ ಎರಡನ್ನೂ ನೋಡಿ, ಮಂದಿರಕ್ಕೂ ವೈದ್ಯರಲ್ಲಿಗೂ ಹೋಗಿ ಬರುವ ದಾರಿ ತಿಳಿದುಕೊಂಡು, ಆಮೇಲೆ ಮನೆ ಕೊಳ್ಳುವುದು ಕ್ಷೇಮ. ಅಲ್ಲಿಯವರೆಗೆ ಊರಿನ ಮನೆಯನ್ನು ಮಾರದಿರುವುದು ಒಳ್ಳೆಯದು.

ಜೈ ಜಿನೇಂದ್ರ.