ಎಚ್‌ಎಎಲ್ ಹತ್ರ ಆರ್ಡರ್ ರಾಶಿ ಇದೆ, ವಿಮಾನ ಯಾಕೆ ತಡ? ಅಪ್ಪನಿಗೆ ಹೇಳಿದ ಲೆಕ್ಕ

ಈ ವಾರದ ಎಪಿಸೋಡ್ ಶುರುವಾಗಿದ್ದು ಕಟ್ಟಾಯದ ನಮ್ಮನೆ ಜಗುಲಿ ಮೇಲೆ. ಅಪ್ಪ ಕಳೆದ ವರ್ಷ ರಿಟೈರ್ ಆದ್ರು. ಬಂದ ದುಡ್ಡಲ್ಲಿ ಒಂದು ಪಾಲು ಎಫ್‌ಡಿಯಲ್ಲಿದೆ, ಇನ್ನೊಂದು ಪಾಲು ಏನು ಮಾಡೋದು ಅಂತ ಯೋಚನೆ. ಮೊನ್ನೆ ಬೆಳಿಗ್ಗೆ ಫೋನ್ ಹಿಡ್ಕೊಂಡು ಬಂದ್ರು. ವಾಟ್ಸಾಪ್‌ನಲ್ಲಿ ಒಂದು ಫಾರ್ವರ್ಡ್: ಎಚ್‌ಎಎಲ್ ಕಂಪನಿ ಹತ್ರ 1.8 ಲಕ್ಷ ಕೋಟಿ ರೂಪಾಯಿ ಆರ್ಡರ್ ಇದೆ, ಕಣ್ಣು ಮುಚ್ಕೊಂಡು ಷೇರು ತಗೊಳ್ಳಿ ಅಂತ. "ಬಿ.ಕಾಂ. ಓದಿದೀಯಲ್ಲ, ಇದು ನಿಜಾನಾ ಹೇಳು" ಅಂದ್ರು.

ನಿಜಾನಾ ಅಂದ್ರೆ, ಅಂಕಿ ನಿಜ. ಆದ್ರೆ ಆ ಅಂಕಿ ಏನು ಹೇಳುತ್ತೆ, ಏನು ಹೇಳಲ್ಲ ಅನ್ನೋದು ಬೇರೆ ಮಾತು. ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ನಾನು ಸೆಬಿ ನೋಂದಾಯಿತ ಸಲಹೆಗಾರ ಅಲ್ಲ. ಷೇರು ತಗೊಳ್ಳಿ, ಬಿಡಿ ಅಂತ ಇವತ್ತು ಹೇಳೋದಿಲ್ಲ. ಒಂದು ವಿಮಾನ ಕಂಪನಿಯ ಲೆಕ್ಕ ಓದೋದು ಹೇಗೆ ಅಂತ ಮಾತ್ರ ನೋಡೋಣ.

ಆರ್ಡರ್ ಬುಕ್ ಅಂದ್ರೆ ದುಡ್ಡಲ್ಲ

ನಮ್ಮೂರಲ್ಲಿ ಒಬ್ಬ ಬಡಗಿ ಇದ್ದಾರೆ ಅಂದ್ಕೊಳ್ಳಿ. ಇಪ್ಪತ್ತು ಮನೆಯ ಬಾಗಿಲು, ಕಿಟಕಿ ಮಾಡಿಕೊಡ್ತೀನಿ ಅಂತ ಒಪ್ಪಿಕೊಂಡಿದ್ದಾರೆ. ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಅದೇ ಆರ್ಡರ್ ಬುಕ್. ಬಾಗಿಲು ಮಾಡಿ, ಮನೆಗೆ ಕೂರಿಸಿದ ದಿನವೇ ಅದು ವ್ಯಾಪಾರ. ಅಲ್ಲಿವರೆಗೂ ಅದು ಮಾತು, ಜೊತೆಗೆ ಒಂದಿಷ್ಟು ಅಡ್ವಾನ್ಸ್.

ಈಗ ಎಚ್‌ಎಎಲ್‌ಗೆ ಬನ್ನಿ. 2024-25ರಲ್ಲಿ ಕಂಪನಿಯ ಆದಾಯ ಸುಮಾರು 30,980 ಕೋಟಿ ರೂಪಾಯಿ. ಆ ವರ್ಷದ ಕೊನೆಯಲ್ಲಿ ಆರ್ಡರ್ ಬುಕ್ 1.8 ಲಕ್ಷ ಕೋಟಿಗೂ ಹೆಚ್ಚು. ಭಾಗಿಸಿ ನೋಡಿದ್ರೆ ಇದೇ ವೇಗದಲ್ಲಿ ಹೋದ್ರೆ ಹತ್ತಿರ ಹತ್ತಿರ ಆರು ವರ್ಷದ ಕೆಲಸ. 2025ರ ಸೆಪ್ಟೆಂಬರ್ 25ರಂದು ಇನ್ನೂ 97 ತೇಜಸ್ ಮಾರ್ಕ್-1ಎ ವಿಮಾನಗಳಿಗೆ 62,370 ಕೋಟಿಯ ಒಪ್ಪಂದ ಆಯ್ತು. ಅಲ್ಲಿಗೆ ಪುಸ್ತಕ ಇನ್ನಷ್ಟು ದಪ್ಪ.

ಪುಸ್ತಕ ದಪ್ಪ ಆದಷ್ಟೂ ಒಳ್ಳೇದಾ? ಹೊರಗಿನ ಎರಡು ಉದಾಹರಣೆ ಕೊಡ್ತೀನಿ. 2023ರಲ್ಲಿ ಏರ್ ಇಂಡಿಯಾ 470 ವಿಮಾನಕ್ಕೆ, ಇಂಡಿಗೋ 500 ವಿಮಾನಕ್ಕೆ ಆರ್ಡರ್ ಕೊಟ್ಟಿದ್ದು ನೆನಪಿದೆಯಲ್ಲ. ಅಂಥ ಏರ್‌ಲೈನ್ ಆರ್ಡರ್‌ಗಳೆಲ್ಲ ಸೇರಿ 2024ರ ಕೊನೆಗೆ ಏರ್‌ಬಸ್ ಹತ್ರ 8,658 ವಿಮಾನಗಳು ಬಾಕಿ ಇದ್ವು. ಆ ವರ್ಷ ಅದು ಕೊಟ್ಟಿದ್ದು 766. ಅಂದ್ರೆ ಹನ್ನೊಂದು ವರ್ಷದ ಕ್ಯೂ. ಅಮೆರಿಕದ ಬೋಯಿಂಗ್ ಹತ್ರವೂ 5,500ಕ್ಕೂ ಹೆಚ್ಚು ವಿಮಾನಗಳ ಆರ್ಡರ್ ಇತ್ತು. ಆದ್ರೆ ಅದೇ 2024ರಲ್ಲಿ ಬೋಯಿಂಗ್ ಕೊಟ್ಟಿದ್ದು 348, ಆದ ನಷ್ಟ 11.8 ಬಿಲಿಯನ್ ಡಾಲರ್. ನಮ್ಮ ಲೆಕ್ಕದಲ್ಲಿ ಸುಮಾರು 1 ಲಕ್ಷ ಕೋಟಿ ರೂಪಾಯಿ! ಆರ್ಡರ್ ತುಂಬಿ ತುಳುಕ್ತಿತ್ತು, ಫ್ಯಾಕ್ಟರಿಯಿಂದ ವಿಮಾನ ಹೊರಗೆ ಬರ್ತಿರಲಿಲ್ಲ.

ಹಾಗಾಗಿ ಮೊದಲ ಪಾಠ: ಎಷ್ಟು ಆರ್ಡರ್ ಇದೆ ಅಂತ ಕೇಳಿದ ಮೇಲೆ, ವರ್ಷಕ್ಕೆ ಎಷ್ಟು ಕೊಡ್ತಿದ್ದಾರೆ ಅಂತಾನೂ ಕೇಳಬೇಕು.

ಮರ ಇದೆ, ಬೀಗ ಬಂದಿಲ್ಲ

2021ರ ಫೆಬ್ರುವರಿಯಲ್ಲಿ ಬೆಂಗಳೂರಿನ ಏರೋ ಇಂಡಿಯಾ ಪ್ರದರ್ಶನದಲ್ಲಿ 83 ತೇಜಸ್ ಮಾರ್ಕ್-1ಎ ವಿಮಾನಗಳ ಒಪ್ಪಂದ ಆಯ್ತು. ಸುಮಾರು 48 ಸಾವಿರ ಕೋಟಿ. ಮೊದಲ ವಿಮಾನಗಳು 2024ರ ಆರಂಭದಲ್ಲೇ ವಾಯುಪಡೆಗೆ ಸಿಗಬೇಕಿತ್ತು. ನಾನು ಇದನ್ನ ರೆಕಾರ್ಡ್ ಮಾಡ್ತಿರೋದು 2025ರ ಡಿಸೆಂಬರ್‌ನಲ್ಲಿ. ಇನ್ನೂ ಒಂದೂ ಹಸ್ತಾಂತರ ಆಗಿಲ್ಲ.

ಕಾರಣ ಏನು? ದೊಡ್ಡ ಕಾರಣ ಎಂಜಿನ್. ತೇಜಸ್‌ಗೆ ಬೇಕಾದ ಎಫ್-404 ಎಂಜಿನ್ ಮಾಡೋದು ಅಮೆರಿಕದ ಜಿಇ ಕಂಪನಿ. ಮೊದಲ ತೇಜಸ್‌ಗಳಿಗಾಗಿ 65 ಎಂಜಿನ್‌ಗಳನ್ನ ಅವರು 2016ರ ಹೊತ್ತಿಗೆ ಕೊಟ್ಟು ಮುಗಿಸಿದ್ರು. ಮುಂದಿನ ಆರ್ಡರ್ ಬರಲಿಲ್ಲ. ಉತ್ಪಾದನಾ ಲೈನ್ ಮುಚ್ಚಿದ್ರು. ಐದು ವರ್ಷ ಬಿಟ್ಟು, 2021ರ ಆಗಸ್ಟ್‌ನಲ್ಲಿ ಎಚ್‌ಎಎಲ್ 99 ಎಂಜಿನ್‌ಗೆ 716 ಮಿಲಿಯನ್ ಡಾಲರ್ ಆರ್ಡರ್ ಕೊಟ್ಟಿತು. ಮುಚ್ಚಿದ ಲೈನನ್ನ ಮತ್ತೆ ತೆರೀಬೇಕು, ಬಿಡಿಭಾಗ ಕೊಡೋರನ್ನ ಮತ್ತೆ ಒಟ್ಟುಗೂಡಿಸಬೇಕು, ಅದೂ ಕೋವಿಡ್ ಆದ ಮೇಲೆ. ಮೊದಲ ಎಂಜಿನ್ ಕೈಸೇರಿದ್ದು 2025ರ ಮಾರ್ಚ್‌ನಲ್ಲಿ. ನಮ್ಮ ಬಡಗಿಯ ಭಾಷೆಯಲ್ಲಿ ಹೇಳೋದಾದ್ರೆ, ಬಾಗಿಲು ಸಿದ್ಧ ಇದೆ, ಬೀಗ ಬಂದಿಲ್ಲ. ಬೀಗ ಮಾಡೋ ಅಂಗಡಿ ಊರಲ್ಲಿ ಒಂದೇ.

ಇದು ಹೊಸ ಕಥೆಯೇನಲ್ಲ. 1961ರ ಜೂನ್‌ನಲ್ಲಿ ಬೆಂಗಳೂರಲ್ಲೇ ಹಾರಿದ ನಮ್ಮ ಮರುತ್ ಯುದ್ಧ ವಿಮಾನ ಇದೆಯಲ್ಲ, ಜರ್ಮನಿಯ ಕುರ್ಟ್ ಟ್ಯಾಂಕ್ ವಿನ್ಯಾಸ ಮಾಡಿದ್ದು, ಅದಕ್ಕೂ ತಕ್ಕ ಶಕ್ತಿಯ ಎಂಜಿನ್ ಸಿಗಲೇ ಇಲ್ಲ. ಅರವತ್ತು ವರ್ಷ ಕಳೆದ್ರೂ ನಾವು ಅದೇ ಬಾಗಿಲಲ್ಲಿ ನಿಂತಿದ್ದೀವಿ.

ಆದ್ರೆ ಎಲ್ಲಾ ತಪ್ಪನ್ನೂ ಜಿಇ ತಲೆಗೆ ಕಟ್ಟೋದು ಸರಿಯಲ್ಲ. ರೇಡಾರ್, ಕ್ಷಿಪಣಿ, ಸಾಫ್ಟ್‌ವೇರ್ ಒಂದಕ್ಕೊಂದು ಹೊಂದಿಸಿ ಪರೀಕ್ಷೆ ಮಾಡೋ ಕೆಲಸವೂ ತಡ ಆಗಿದೆ. 2025ರ ಫೆಬ್ರುವರಿಯ ಏರೋ ಇಂಡಿಯಾದಲ್ಲಿ ವಾಯುಪಡೆ ಮುಖ್ಯಸ್ಥ ಎ.ಪಿ. ಸಿಂಗ್ ಅವರು ಎಚ್‌ಎಎಲ್ ಮೇಲೆ ತನಗೆ ಭರವಸೆ ಇಲ್ಲ ಅಂತ ಕಂಪನಿಯವರ ಎದುರೇ ಹೇಳಿದ್ದ ವಿಡಿಯೋ ಎಲ್ಲರೂ ನೋಡಿದ್ರು. ಅವರ ಸಿಟ್ಟು ಅರ್ಥ ಆಗಬೇಕಂದ್ರೆ ಒಂದು ಲೆಕ್ಕ ಗೊತ್ತಿರಬೇಕು. ವಾಯುಪಡೆಗೆ ಮಂಜೂರಾಗಿರೋದು 42 ಸ್ಕ್ವಾಡ್ರನ್. 2025ರ ಸೆಪ್ಟೆಂಬರ್ 26ರಂದು ಮಿಗ್-21 ನಿವೃತ್ತಿ ಆದ ಮೇಲೆ ಉಳಿದಿದ್ದು 29. ಅಂದ್ರೆ ಇಲ್ಲಿ ತಡ ಅನ್ನೋದು ಬರೀ ಬ್ಯಾಲೆನ್ಸ್ ಶೀಟ್ ವಿಷಯ ಅಲ್ಲ. ಗಡಿಯಲ್ಲಿ ಹಾರಬೇಕಾದವರ ವಿಷಯ.

ಹಾಗಾದ್ರೆ ಲಾಭ ಹೇಗೆ ಬಂತು?

ಅಪ್ಪ ಇಲ್ಲಿ ನನ್ನ ತಡೆದ್ರು. "ವಿಮಾನ ಕೊಟ್ಟಿಲ್ಲ ಅಂತೀಯ, ಲಾಭ ಎಂಟು ಸಾವಿರ ಕೋಟಿ ಅಂತ ಪೇಪರಲ್ಲಿದೆ?" ಒಳ್ಳೇ ಪ್ರಶ್ನೆ.

2023-24ರಿಂದ 2024-25ಕ್ಕೆ ಎಚ್‌ಎಎಲ್ ಆದಾಯ ಬೆಳೆದಿದ್ದು ಶೇ 2ರಷ್ಟು ಮಾತ್ರ. ಲಾಭ ಮಾತ್ರ 7,621 ಕೋಟಿಯಿಂದ 8,364 ಕೋಟಿಗೆ ಹೋಯ್ತು, ಅಂದ್ರೆ ಶೇ 10ರ ಹತ್ತಿರ. ಹೇಗೆ ಅಂತ ನೋಡೋಕೆ ಎರಡು ವಿಷಯ ಗೊತ್ತಿರಬೇಕು.

ಒಂದು, ರಿಪೇರಿ. ಎಚ್‌ಎಎಲ್ ಆದಾಯದ ಅರ್ಧಕ್ಕಿಂತ ಹೆಚ್ಚು ಬರೋದು ಹೊಸ ವಿಮಾನದಿಂದ ಅಲ್ಲ, ಹಳೇ ವಿಮಾನ, ಹೆಲಿಕಾಪ್ಟರ್, ಎಂಜಿನ್‌ಗಳ ದುರಸ್ತಿ ಮತ್ತು ನಿರ್ವಹಣೆಯಿಂದ. ಸುಖೋಯ್ ಹಾರ್ತಾ ಇರೋವರೆಗೂ ಆ ಕೆಲಸ ನಿಲ್ಲಲ್ಲ. ಬಡಗಿಗೆ ಹೊಸ ಬಾಗಿಲು ತಡ ಆದ್ರೂ, ಹಳೇ ಕಿಟಕಿ ರಿಪೇರಿಯಿಂದ ದಿನಾ ಸಂಪಾದನೆ ಇದ್ದೇ ಇರುತ್ತೆ.

ಎರಡು, ಅಡ್ವಾನ್ಸ್. ದೊಡ್ಡ ಆರ್ಡರ್ ಬಂದಾಗ ಗಿರಾಕಿ ಮುಂಗಡ ಕೊಡ್ತಾರೆ. ಆ ದುಡ್ಡು ಬ್ಯಾಂಕಲ್ಲಿ ಕೂತು ಬಡ್ಡಿ ತರುತ್ತೆ. ಮುಖ್ಯವಾಗಿ ಬಡ್ಡಿಯಿಂದ ಬರೋ 'ಇತರೆ ಆದಾಯ' 2024-25ರಲ್ಲಿ 2 ಸಾವಿರ ಕೋಟಿ ದಾಟಿತ್ತು. ಇದರಲ್ಲಿ ಮೋಸ ಏನೂ ಇಲ್ಲ, ಎಲ್ಲಾ ಲೆಕ್ಕದಲ್ಲೇ ಇದೆ. ಆದ್ರೆ ಬಡ್ಡಿಯ ಲಾಭಕ್ಕೂ ವಿಮಾನ ಮಾಡಿ ಗಳಿಸಿದ ಲಾಭಕ್ಕೂ ವ್ಯತ್ಯಾಸ ಇದೆ. ಲಾಭದ ಅಂಕಿ ನೋಡಿದಾಗ ಅದು ಯಾವ ಜೇಬಿನಿಂದ ಬಂತು ಅಂತ ನೋಡೋದು ಎರಡನೇ ಪಾಠ.

ಮಾಲೀಕ, ಗಿರಾಕಿ ಇಬ್ಬರೂ ಒಬ್ಬರೇ

ಎಚ್‌ಎಎಲ್ ಹುಟ್ಟಿದ್ದು 1940ರ ಡಿಸೆಂಬರ್‌ನಲ್ಲಿ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ತಲಾ 25 ಲಕ್ಷ ಹಾಕಿ ಬೆಂಗಳೂರಲ್ಲಿ ಶುರು ಮಾಡಿದ್ರು. ಯುದ್ಧದ ಕಾಲದಲ್ಲಿ ಅದು ಭಾರತ ಸರ್ಕಾರದ ಕೈಗೆ ಹೋಯ್ತು. 2018ರ ಮಾರ್ಚ್‌ನಲ್ಲಿ ಐಪಿಒ ಬಂದಾಗ ಸಾಮಾನ್ಯ ಜನ ಅಷ್ಟಾಗಿ ಆಸಕ್ತಿ ತೋರಿಸಲಿಲ್ಲ. ಇವತ್ತು ಅದೇ ಷೇರಿನ ಬಗ್ಗೆ ಹಳ್ಳಿ ಹಳ್ಳಿಗೆ ಫಾರ್ವರ್ಡ್ ಬರ್ತಿದೆ. ಈಗಲೂ ಶೇ 71.64 ಪಾಲು ಕೇಂದ್ರ ಸರ್ಕಾರದ್ದೇ.

ಇಲ್ಲಿ ಗಮನಿಸಿ. ಮಾಲೀಕ ಸರ್ಕಾರ. ದೊಡ್ಡ ಗಿರಾಕಿ ಸರ್ಕಾರ. ಅಧ್ಯಕ್ಷರನ್ನ ನೇಮಿಸೋದೂ ಸರ್ಕಾರ. ಆರ್. ಮಾಧವನ್ 2022ರ ಜುಲೈನಲ್ಲಿ ನಿವೃತ್ತರಾದ ಮೇಲೆ, ಹಣಕಾಸು ನಿರ್ದೇಶಕ ಸಿ.ಬಿ. ಅನಂತಕೃಷ್ಣನ್ ಎರಡು ವರ್ಷ ಹೆಚ್ಚುವರಿ ಹೊಣೆಯಲ್ಲೇ ಅಧ್ಯಕ್ಷ ಸ್ಥಾನ ನೋಡ್ಕೊಂಡ್ರು. 2024ರ ಸೆಪ್ಟೆಂಬರ್‌ನಲ್ಲಿ ಡಿ.ಕೆ. ಸುನಿಲ್ ಬಂದ್ರು. ಅವರೂ 2026ರ ಏಪ್ರಿಲ್‌ನಲ್ಲಿ ನಿವೃತ್ತಿ. ತೇಜಸ್ ಯೋಜನೆಗೆ ಮಂಜೂರಾತಿ ಸಿಕ್ಕಿದ್ದು 1983ರಲ್ಲಿ, ಮೊದಲು ಹಾರಿದ್ದು 2001ರಲ್ಲಿ, ವಾಯುಪಡೆ ಸೇರಿದ್ದು 2016ರಲ್ಲಿ. ಮೂವತ್ತು ವರ್ಷದ ಕೆಲಸಕ್ಕೆ ಎರಡು ವರ್ಷದ ಯಜಮಾನರು. ಇವತ್ತು ಮಾಡಿದ ತಪ್ಪಿಗೆ ನಾಳೆ ಉತ್ತರ ಕೊಡೋರು ಬೇರೆಯವರೇ ಆಗಿರ್ತಾರೆ.

ಖಾಸಗಿ ಕಂಪನಿಯಲ್ಲಿ ಎಲ್ಲಾ ಸರಿ ಇರುತ್ತೆ ಅಂತಲ್ಲ. ಬೋಯಿಂಗ್‌ನಲ್ಲಿ 2024ರ ಜನವರಿಯಲ್ಲಿ ಹಾರ್ತಿದ್ದ ವಿಮಾನದ ಒಂದು ಪ್ಯಾನೆಲ್ಲೇ ಕಿತ್ತುಹೋಯ್ತು. ಅದರ ನಂತರ ಸಿಇಒ ಡೇವ್ ಕ್ಯಾಲ್‌ಹೂನ್ ಜಾಗ ಬಿಡಬೇಕಾಯ್ತು. ಆಗಸ್ಟ್‌ನಲ್ಲಿ ಬಂದ ಕೆಲ್ಲಿ ಆರ್ಟ್‌ಬರ್ಗ್, ಹೆಡ್ ಆಫೀಸ್ ಇರೋ ವರ್ಜೀನಿಯಾ ಬಿಟ್ಟು ಫ್ಯಾಕ್ಟರಿ ಹತ್ರ ಸಿಯಾಟಲ್‌ನಲ್ಲೇ ಇರ್ತೀನಿ ಅಂದ್ರು. ಅಲ್ಲಿ ಗಿರಾಕಿಗೆ ಬೇಸರ ಆದ್ರೆ ಏರ್‌ಬಸ್ ಬಾಗಿಲಿಗೆ ಹೋಗಬಹುದು, ಆ ಭಯ ಇರುತ್ತೆ. ನಮ್ಮ ವಾಯುಪಡೆ ತೇಜಸ್‌ಗಾಗಿ ಬೇರೆ ಯಾರ ಬಾಗಿಲಿಗೂ ಹೋಗೋ ಹಾಗಿಲ್ಲ.

ಇದರ ಇನ್ನೊಂದು ಮುಖವೂ ಇದೆ. ನಮಗೆ ಹತ್ತಿರದ ಗೊರೂರಿನವರೇ ಆದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ, ಏರ್‌ಬಸ್ಸು, ಎಟಿಆರ್ ವಿಮಾನಗಳಿಗೆ ಡಜನ್ ಲೆಕ್ಕದಲ್ಲಿ ಆರ್ಡರ್ ಕೊಟ್ಟಿದ್ರು. ಕೆಲವೇ ವರ್ಷದಲ್ಲಿ ಅದು ಕಿಂಗ್‌ಫಿಷರ್ ಪಾಲಾಯ್ತು, 2012ರಲ್ಲಿ ಕಿಂಗ್‌ಫಿಷರ್ ಹಾರಾಟವೇ ನಿಂತುಹೋಯ್ತು. ಏರ್‌ಲೈನ್ ಮುಳುಗಿದ್ರೆ ಅದರ ಆರ್ಡರೂ ಮುಳುಗುತ್ತೆ. ಎಚ್‌ಎಎಲ್‌ಗೆ ಆ ಅಪಾಯ ಇಲ್ಲ, ಅದರ ಗಿರಾಕಿ ದಿವಾಳಿ ಆಗಲ್ಲ. ಹಾಗಾಗಿ ಆರ್ಡರ್ ಗಟ್ಟಿ. ಅದೇ ಕಾರಣಕ್ಕೆ ತಡ ಆದ್ರೂ ನಡೆಯುತ್ತೆ ಅನ್ನೋ ಅಭ್ಯಾಸವೂ ಗಟ್ಟಿ.

ಇನ್ನು ಮುಂದೆ ಏನು ನೋಡಬೇಕು?

ಒಳ್ಳೇ ಸುದ್ದಿಯೂ ಇದೆ. 2025ರ ಅಕ್ಟೋಬರ್ 17ರಂದು ನಾಸಿಕ್‌ನ ಹೊಸ ಲೈನ್‌ನಿಂದ ಮೊದಲ ಮಾರ್ಕ್-1ಎ ಹಾರಿತು. ನವೆಂಬರ್‌ನಲ್ಲಿ 97 ವಿಮಾನಗಳಿಗಾಗಿ ಇನ್ನೂ 113 ಎಂಜಿನ್‌ಗೆ ಜಿಇ ಜೊತೆ ಒಪ್ಪಂದ ಆಯ್ತು. ಈ ಸಲ ವಿಮಾನದ ಒಪ್ಪಂದ ಆಗಿ ಎರಡು ತಿಂಗಳೊಳಗೇ ಎಂಜಿನ್ ಆರ್ಡರ್ ಹೋಗಿದೆ. 2025ರ ಮಾರ್ಚ್‌ನಲ್ಲಿ ಬಂದ 156 ಪ್ರಚಂಡ್ ಹೆಲಿಕಾಪ್ಟರ್‌ಗಳ 62,700 ಕೋಟಿ ಆರ್ಡರ್‌ನ ಕೆಲಸ ಬೆಂಗಳೂರು ಮತ್ತು ತುಮಕೂರಿನಲ್ಲಿ ನಡೆಯುತ್ತೆ. ಅರಸೀಕೆರೆ, ತಿಪಟೂರು ದಾಟಿ ಹೋದ್ರೆ ಸಿಗೋ ಗುಬ್ಬಿ ತಾಲ್ಲೂಕಲ್ಲಿ 615 ಎಕರೆಯ ಕಾರ್ಖಾನೆ ಅದು, 2023ರ ಫೆಬ್ರುವರಿಯಲ್ಲಿ ಉದ್ಘಾಟನೆ ಆಗಿದ್ದು. ಐಟಿಐ, ಡಿಪ್ಲೊಮಾ ಮಾಡಿರೋ ನಮ್ಮ ಕಡೆ ಹುಡುಗರು ಷೇರಿಗಿಂತ ಮೊದಲು ನೋಡಬೇಕಾದ್ದು ಇದನ್ನ. ಅಲ್ಲಿ ಕೆಲಸ ಹೆಚ್ಚೋದೂ ಹೆಲಿಕಾಪ್ಟರ್ ಹೊರಗೆ ಬರೋ ವೇಗದ ಮೇಲೇ ನಿಂತಿದೆ.

ನೋವಿನ ಸುದ್ದಿಯೂ ಇದೆ. 2025ರ ನವೆಂಬರ್ 21ರಂದು ದುಬೈ ಏರ್‌ ಶೋದಲ್ಲಿ ತೇಜಸ್ ಬಿದ್ದು ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ತೀರಿಕೊಂಡ್ರು. ಕಾರಣ ಏನು ಅಂತ ತನಿಖೆ ಹೇಳಬೇಕು, ನಾವು ಊಹೆ ಮಾಡೋದು ಬೇಡ. ಆದ್ರೆ ಬೇಗ ಕೊಡಿ ಅಂತ ಕೇಳುವಾಗ, ಸರಿಯಾಗಿ ಪರೀಕ್ಷೆ ಮಾಡಿ ಕೊಡಿ ಅನ್ನೋದನ್ನೂ ಅದೇ ಉಸಿರಲ್ಲಿ ಕೇಳಬೇಕು.

ಅಪ್ಪನಿಗೆ ಕೊನೆಗೆ ಒಂದು ಹಾಳೆಯಲ್ಲಿ ಮೂರು ಸಾಲು ಬರೆದುಕೊಟ್ಟೆ. ಈ ಮೂರು ತಿಂಗಳಲ್ಲಿ ಎಷ್ಟು ಎಂಜಿನ್ ಬಂತು? ಎಷ್ಟು ವಿಮಾನ ವಾಯುಪಡೆ ಕೈಗೆ ಹೋಯ್ತು? ಲಾಭದಲ್ಲಿ ಬಡ್ಡಿ ಎಷ್ಟು? ಫಲಿತಾಂಶ ಬಂದಾಗಲೆಲ್ಲ ಈ ಮೂರನ್ನ ತುಂಬಿಸಿ ನೋಡಿ, ಆಮೇಲೆ ನಿಮ್ಮ ದುಡ್ಡು, ನಿಮ್ಮ ತೀರ್ಮಾನ ಅಂದೆ. ಅಪ್ಪ ಹಾಳೆ ಮಡಚಿ ಕನ್ನಡಕದ ಡಬ್ಬಿಯಲ್ಲಿ ಇಟ್ಕೊಂಡ್ರು. "ಮೊದಲನೇ ವಿಮಾನ ಕೊಟ್ಟ ದಿನ ನೀನೇ ನೆನಪಿಸು" ಅಂದ್ರು. ಸದ್ಯಕ್ಕೆ ದುಡ್ಡು ಎಫ್‌ಡಿಯಲ್ಲೇ ಇದೆ.

ನಿಮ್ಮನೆಗೂ ಇಂಥ ಫಾರ್ವರ್ಡ್ ಬಂದಿದ್ರೆ ಕಳಿಸಿ, ಕೂತು ಲೆಕ್ಕ ಹಾಕೋಣ.