ಒಳಗನ್ನು ಹೊರಗಿಟ್ಟ ಕಲಾಭವನ

ಕಲಾಸಂಗ್ರಹಾಲಯವೊಂದು ತನ್ನ ಕೊಳವೆಗಳನ್ನೆಲ್ಲ
ಬೀದಿಗೆ ತೋರುತ್ತ ನಿಲ್ಲುವುದೇಕೆ?

ಪ್ಯಾರಿಸ್ ನಗರದ ನಡುವೆ,
1977ರಲ್ಲಿ ದ್ವಾರ ತೆರೆದ ಪಾಂಪಿಡು ಕೇಂದ್ರವನ್ನು ನೋಡಿರಿ.

ಉನ್ನತ ಸೋಪಾನಗಳು, ಗಂಭೀರ ಸ್ತಂಭಗಳು,
ಮೌನವಾಗಿ ಒಳಹೊಗುವ ಪ್ರೇಕ್ಷಕರು:
ಕಲಾಸಂಗ್ರಹಾಲಯವೆಂದರೆ ಬಹುಕಾಲ ಇದೇ ಕಲ್ಪನೆ.

ಆ ಕಲ್ಪನೆಯನ್ನು,
ರೆನ್ಜೊ ಪಿಯಾನೊ, ರಿಚರ್ಡ್ ರಾಜರ್ಸ್ ಎಂಬ
ಇಬ್ಬರು ತರುಣ ವಾಸ್ತುಶಿಲ್ಪಿಗಳು,
ಅಂಗಿಯನ್ನು ಒಳಮೈ ಹೊರಗಾಗಿ ತೊಡಿಸಿದಂತೆ,
ತಿರುವಿಹಾಕಿದರು.

ನೀಲಿ ಕೊಳವೆಗಳಲ್ಲಿ ಗಾಳಿ,
ಹಸುರಿನವುಗಳಲ್ಲಿ ನೀರು,
ಹಳದಿಯಲ್ಲಿ ವಿದ್ಯುತ್ತು;
ಕೆಂಪು ಬಣ್ಣವೋ, ಜನಸಂಚಾರಕ್ಕೆ ಮೀಸಲು.

ಕೊಳವೆಗಳೂ ಉಕ್ಕಿನ ಚೌಕಟ್ಟೂ
ಹೊರಮೈಗೆ ಸರಿದುದರಿಂದ,
ಒಳಗಿನ ಅಂತಸ್ತುಗಳು,
ನಡುವೆ ಒಂದು ಕಂಬವೂ ಇಲ್ಲದೆ,
ವಿಶಾಲವಾಗಿ ಉಳಿದುವು;
ಗೋಡೆಗಳನ್ನು ಬೇಕಾದಂತೆ ಸರಿಸಿ,
ನಾಳೆ ಹುಟ್ಟಲಿರುವ ಕಲೆಗೂ
ಎಡೆಮಾಡಿಕೊಡುವುದು ಸಾಧ್ಯವಾಯಿತು.

ನಿವೇಶನದ ಸುಮಾರು ಅರ್ಧವನ್ನು
ಅವರು ಬಯಲಾಗಿಯೇ ಬಿಟ್ಟರು.
ಟಿಕೆಟ್ಟು ಕೊಳ್ಳದವನೂ ಅಲ್ಲಿ ಕುಳಿತಿರಬಹುದಿತ್ತು;
ಭವನದೊಳಗೆ ಸಾರ್ವಜನಿಕರಿಗೊಂದು ಗ್ರಂಥಾಲಯವೂ ಇತ್ತು.

ಮುಂದೆ 2000ದಲ್ಲಿ,
ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ
ನಿರುಪಯುಕ್ತವಾಗಿ ಬಿದ್ದಿದ್ದ ವಿದ್ಯುದಾಗಾರವೇ
ಟೇಟ್ ಮಾಡರ್ನ್ ಎಂಬ ಕಲಾಭವನವಾಯಿತು;
ಟರ್ಬೈನುಗಳು ತಿರುಗುತ್ತಿದ್ದ ಮಹಾಂಗಣದಲ್ಲಿ
ಈಗ ಬೃಹತ್ ಕಲಾಕೃತಿಗಳ ಸುತ್ತ ಮಕ್ಕಳು ಓಡಾಡುತ್ತಾರೆ.

ಕಲೆಯನ್ನು ಕಾಪಿಡುವುದಷ್ಟೇ ಸಾಲದು,
ಜನರನ್ನು ಕೂಡಿಸುವುದೂ ತನ್ನ ಧರ್ಮವೆಂದು
ಸಂಗ್ರಹಾಲಯ ಒಪ್ಪಿಕೊಂಡಿತು.

ಮುಂದಿನ ಬಾರಿ ನೀವು ಕಲಾಭವನಕ್ಕೆ ಹೋದಾಗ,
ಚಿತ್ರಗಳನ್ನು ನೋಡುವ ಮುನ್ನ,
ಅದರ ಬಾಗಿಲು ಯಾವ ಕಡೆಗಿದೆ,
ದುಡ್ಡಿಲ್ಲದೆ ಕೂರಲು ಎಡೆಯೆಲ್ಲಿದೆ,
ಎಂಬುದನ್ನು ತಪ್ಪದೆ ಗಮನಿಸಿರಿ.