ನೆಲ ಮುಟ್ಟದ ಗ್ರೌಂಡ್ ಸ್ವಿಚ್

ಅಮೆರಿಕದ ಒಂದು ರಿಪೇರಿ ಅಂಗಡಿ. ಮೇಜಿನ ಮೇಲೆ ಬಾಸ್ ಗಿಟಾರಿನ ಆಂಪ್ಲಿಫೈಯರ್, ಫೆಂಡರ್ ಬಾಸ್‌ಮನ್ ಬೋರಲು ಬಿದ್ದಿದೆ. ಹಿಂಬದಿಯ ಹಲಗೆ ಬಿಚ್ಚಿದ್ದೇ ತಡ, ಕಾದು ಕಾದು ಹಳತಾದ ದೂಳಿನ ವಾಸನೆ. ನಮ್ಮ ಅಜ್ಜನ ಮನೆಯ ವಾಲ್ವ್ ರೇಡಿಯೊದ್ದೂ ಇದೇ.

"1964ರದು" ಎಂದು ತಂದವರು ಹೇಳಿ ಹೋಗಿದ್ದಾರೆ. ಮೆಕ್ಯಾನಿಕ್ ಹೂಂಗುಟ್ಟಿ, ಪೆಟ್ಟಿಗೆಯೊಳಗೆ ಅಂಟಿಸಿದ ವಾಲ್ವ್ ಪಟ್ಟಿಯ ಮೇಲೆ ಟಾರ್ಚ್ ಬಿಟ್ಟ. ಮಾಸಿದ ಮುದ್ರೆ: 'ಪಿಸಿ'. ಫೆಂಡರ್ ಲೆಕ್ಕದಲ್ಲಿ ಎ ಅಂದರೆ 1951. ಬೆರಳು ಮಡಿಸುತ್ತ ಬಂದರೆ ಪಿ 1966, ಸಿ ಮಾರ್ಚ್. ಟ್ರಾನ್ಸ್‌ಫಾರ್ಮರ್ ಮೇಲೆ 606-6-04. 606 ತಯಾರಕರ ಸಂಖ್ಯೆ, 6 ಇಸವಿಯ ಕೊನೆಯಂಕಿ, 04 ವಾರ. ಆ ಒಂಟಿ ಆರು 1956ರದೂ ಆಗಬಹುದಿತ್ತು, 1976ರದೂ. ಅರವತ್ತರ ದಶಕದ ಗುರುತಾದ ಕಪ್ಪು ಮುಂಫಲಕ ಅನುಮಾನ ಕಳೆಯಿತು. 1965ರ ಜನವರಿಯಲ್ಲಿ ಫೆಂಡರ್ ಕಂಪನಿ ಪ್ರಸಾರ ಸಂಸ್ಥೆ ಸಿಬಿಎಸ್ ಪಾಲಾಯಿತು. ಸಂಗ್ರಹಕಾರರು ಮುಗಿಬೀಳುವುದು ಅದಕ್ಕೂ ಮುಂಚಿನದಕ್ಕೆ. ಪಾಪ, ತಂದವರಿಗೆ ಯಾರು ಹೇಳಬೇಕು?

ಹಿಂಬದಿಯಲ್ಲೊಂದು ಪುಟ್ಟ ಸ್ವಿಚ್ಚು: 'ಗ್ರೌಂಡ್'. ಹೆಸರಿಗಷ್ಟೇ. ತಂತಿ ಹಿಡಿದು ಹೋದರೆ ಸಿಗುವುದು ಅರ್ಥಿಂಗ್ ಅಲ್ಲ, 0.047 ಮೈಕ್ರೊಫ್ಯಾರಡ್‌ನ ಒಂದು ಕೆಪಾಸಿಟರ್. ಆಗಿನ ಪ್ಲಗ್ಗಿಗೆ ಎರಡೇ ಪಿನ್ನು, ಹೇಗೆ ತಿರುಗಿಸಿ ಚುಚ್ಚಿದರೂ ಸೈ. ಕೆಪಾಸಿಟರ್ ನ್ಯೂಟ್ರಲ್ ಕಡೆ ಬಿದ್ದರೆ ಸದ್ದಡಗುತ್ತದೆ, ಫೇಸ್ ಕಡೆ ಬಿದ್ದರೆ ಗುಂಯ್‌ಗುಡುತ್ತದೆ. ಆಗ ಸ್ವಿಚ್ ಅತ್ತ ಒತ್ತಬೇಕು. ಬಾಸ್‌ನ ದಪ್ಪ ತಂತಿ ನುಡಿಯುವುದು 41 ಹರ್ಟ್ಸ್‌ನಲ್ಲಿ, ಅಲ್ಲಿನ ಕರೆಂಟಿನ ಗುಂಯ್ 60ರಲ್ಲಿ. ಕಳೆಯೂ ಪೈರೂ ಒಂದೇ ಸಾಲಿನಲ್ಲಿ. ಕಳೆ ಕೀಳಹೋದರೆ ಪೈರೂ ಬರುತ್ತದೆ.

ಆ ಕೆಪಾಸಿಟರ್ ಒಳಗೊಳಗೇ ಷಾರ್ಟ್ ಆದರೆ? ಫೇಸ್ ನೇರ ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೆ, ಅಂದರೆ ಷಾಸಿಗೆ, ಅಲ್ಲಿಂದ ಕೇಬಲ್ ಹಿಡಿದು ಬಾಸಿನ ತಂತಿಗೆ. ಬೆರಳು ತಂತಿಯ ಮೇಲೆ, ತುಟಿ ಅರ್ಥ್ ಆದ ಮೈಕಿನ ಹತ್ತಿರ. ಮೆಕ್ಯಾನಿಕ್‌ಗಳು ಅದನ್ನು 'ಸಾವಿನ ಕೆಪಾಸಿಟರ್' ಎನ್ನುವುದು ಬರೀ ತಮಾಷೆಗಲ್ಲ.

ಪ್ಲಗ್ ಕಿತ್ತ ಮೇಲೂ ಒಳಗೆ 400 ವೋಲ್ಟ್ ಹೊಂಚು ಹಾಕಿರುತ್ತದೆ. ಅದನ್ನು ಮೊದಲು ಇಳಿಸಿ, ಮೀಟರ್ ಹಿಡಿದು ನೋಡಿ, ಆಮೇಲೆ ಅವನು ಕಟರ್ ಎತ್ತಿಕೊಂಡ. ಟಕ್. ಮೂರು ಪಿನ್ನಿನ ಹೊಸ ವೈರು ಬಂತು. ಅದರ ಹಸಿರು ಎಳೆ ಷಾಸಿಗೆ ಬೋಲ್ಟಿನಲ್ಲಿ ಬಿಗಿಯಿತು. ಸ್ವಿಚ್ಚನ್ನು ಮಾತ್ರ ಹಾಗೇ ಬಿಟ್ಟ. ತೆಗೆದರೆ ತೂತು ಕಾಣುತ್ತದೆ.

ಕತ್ತರಿಸಿದ ಕೆಪಾಸಿಟರ್ ಕಾಫಿ ಡಬ್ಬಿಗೆ ಬಿತ್ತು. ಒಳಗೆ ಅದರ ಜಾತಿಯವು ಆಗಲೇ ಅರ್ಧ ಡಬ್ಬಿ ಇದ್ದವು.